ಗಿರಿ ರಸ್ತೆಯಲ್ಲಿ ಚಳಿಗಾಲದ ಒಂದು ಹಗಲು

ಚಿಕ್ಕಮಗಳೂರಿನಲ್ಲಿ ‘ಗಿರಿ’ ಎಂದರೆ ಸಾಕು, ಯಾವ ಗಿರಿ ಎಂದು ಯಾರೂ ಕೇಳುವುದಿಲ್ಲ. ಊರಿನ ಉತ್ತರಕ್ಕೆ ಲಾಳದ ಆಕಾರದಲ್ಲಿ ಬಾಗಿ ನಿಂತ ಚಂದ್ರದ್ರೋಣ ಸಾಲು ಅದು. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಅದರ ಮಗ್ಗುಲಿನ ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ, ಆಚೆ ತುದಿಯ ಕೆಮ್ಮಣ್ಣುಗುಂಡಿ, ಎಲ್ಲವೂ ಈ ಒಂದೇ ಸಾಲಿಗೆ ಸೇರಿದವು. ಮಳೆಗಾಲದಲ್ಲಿ ಇಲ್ಲಿ ಹತ್ತು ಅಡಿ ಮುಂದೆ ಏನಿದೆ ಎಂದು ಕಾಣದು. ಮಾರ್ಚ್ ಬಂತೆಂದರೆ ಹುಲ್ಲು ಗರಿಗರಿ ಒಣಗಿ, ಎಲ್ಲೋ ಒಂದು ಮೂಲೆಯಲ್ಲಿ ಹೊಗೆ ಏಳುತ್ತಿರುತ್ತದೆ. ನಡುವಿನ ಡಿಸೆಂಬರ್, ಜನವರಿಯಲ್ಲಿ ಮಾತ್ರ ಬೆಟ್ಟ ಪೂರ್ತಿ ಮೈ ತೆರೆದು ನಿಲ್ಲುತ್ತದೆ. ಹುಲ್ಲು ಹೊಂಬಣ್ಣಕ್ಕೆ ತಿರುಗಿದೆ, ಝರಿಗಳಲ್ಲಿ ಇನ್ನೂ ನೀರಿದೆ, ಆಕಾಶ ತಿಳಿಯಾಗಿದೆ. ರಸ್ತೆ, ಕಾಲುದಾರಿ, ತೋಟ, ಕಾಡು, ನೀರು ಇವೆಲ್ಲ ಹೇಗೆ ಒಂದರೊಳಗೊಂದು ಹೆಣೆದುಕೊಂಡಿವೆ ಎಂದು ಕಣ್ಣಾರೆ ನೋಡಲು ಇದೇ ಸರಿಯಾದ ಕಾಲ.

ಗಿರಿಗೆ ಬರುವ ಹೆಚ್ಚಿನವರ ಗುರಿ ಶಿಖರ. ಗಾಡಿ ಎಷ್ಟು ಎತ್ತರಕ್ಕೆ ಹೋಗುತ್ತದೋ ಅಷ್ಟು ಎತ್ತರಕ್ಕೆ ಒಯ್ದು, ಮೆಟ್ಟಿಲು ಹತ್ತಿ, ಫೋಟೊ ತೆಗೆದು, ಬಂದ ದಾರಿಯಲ್ಲೇ ಇಳಿದು ಹೋಗುತ್ತಾರೆ. ಶಿಖರದ ಮೇಲೆ ನನಗೇನೂ ಬೇಸರವಿಲ್ಲ. ಆದರೆ ಈ ಬೆಟ್ಟದ ನಿಜವಾದ ಸಂಪತ್ತು ಇರುವುದು ರಸ್ತೆ ಬಿಟ್ಟು ಕಾಲುದಾರಿ ಹಿಡಿಯುವ ಜಾಗಗಳಲ್ಲಿ. ಸರ್ಪದಾರಿಯ ಬುಡ, ಕವಿಕಲ್ ಗಂಡಿ, ಗಾಳಿಕೆರೆಯ ತಿರುವು, ಹೀಗೆ ನಾಲ್ಕಾರು ಕಡೆ ಇಳಿದು ನಿಂತರೆ ಗಿರಿ ಅರ್ಥವಾಗುತ್ತದೆ. ಒಂದು ಹಗಲಿನಲ್ಲಿ ಇಷ್ಟನ್ನು ನೋಡಬಹುದು, ಬೆಳಿಗ್ಗೆ ಬೇಗ ಎದ್ದರೆ.

ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ತಲೆ 1,930 ಮೀಟರ್. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ ಎಂಬ ಲೆಕ್ಕದಲ್ಲಿ ಮೇಲೆ ಪೇಟೆಗಿಂತ ಐದು ಡಿಗ್ರಿಯಾದರೂ ಹೆಚ್ಚು ಚಳಿ ಇರಬೇಕು. ಚಳಿಗಾಲದ ನಸುಕಿನಲ್ಲಿ ಮಾತ್ರ ಈ ಲೆಕ್ಕ ಎಷ್ಟೋ ಸಲ ತಲೆಕೆಳಗಾಗುತ್ತದೆ. ರಾತ್ರಿಯಿಡೀ ತಣಿದು ಭಾರವಾದ ಗಾಳಿ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಹಾಗಾಗಿ ಹಳ್ಳದ ಬದಿಯ ತೋಟಗಳಲ್ಲಿ ಹಲ್ಲು ಕಟಕಟ ಎನ್ನುವ ಹೊತ್ತಿಗೆ ಮೇಲಿನ ಹುಲ್ಲುಗುಡ್ಡದ ಮೇಲೆ ಎಳೆಬಿಸಿಲು ಬಿದ್ದು ಹಿತವಾಗಿರುತ್ತದೆ. ತಗ್ಗಿನಲ್ಲಿ ಕೂತ ಆ ತಣ್ಣನೆಯ ಗಾಳಿಯ ತೇವವೇ ಮಂಜಾಗಿ ದಟ್ಟೈಸಿ, ಮೇಲಿನಿಂದ ನೋಡುವವರಿಗೆ ಮೋಡದ ಕಡಲಾಗಿ ಕಾಣುತ್ತದೆ. ಒಂಬತ್ತು ಗಂಟೆಯೊಳಗೆ ಅದು ಕರಗಿಹೋಗುತ್ತದೆ. ಬೇಗ ಹೊರಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಪೇಟೆ ಬಿಟ್ಟು ಅಲ್ಲಂಪುರದ ಮೇಲೆ ಕೈಮರದತ್ತ ಸಾಗುವಾಗ ಎರಡೂ ಬದಿ ಹೊಲ, ತೋಟ, ಮನೆಗಳು. ಯಾರೂ ಗಾಡಿ ನಿಧಾನಿಸುವ ಜಾಗವಲ್ಲ. ಆದರೆ ಭೂವಿಜ್ಞಾನ ಓದಿದವರಿಗೆ ಅಲ್ಲಂಪುರ ಎಂಬ ಈ ಪುಟ್ಟ ಊರಿನ ಹೆಸರು ಚೆನ್ನಾಗಿ ಗೊತ್ತು. ಈ ಬೆಟ್ಟಗಳ ಕಲ್ಲಿಗೆ ಬಾಬಾಬುಡನ್ ಶಿಲಾಸಮೂಹ ಎಂದು ಹೆಸರು. ವಯಸ್ಸು 270ರಿಂದ 290 ಕೋಟಿ ವರ್ಷ. ಅದರ ಪದರಗಳಿಗೆ ಇಟ್ಟಿರುವುದು ಇಲ್ಲಿನ ಊರುಗಳ ಹೆಸರನ್ನೇ. ಕೆಳಗಿನಿಂದ ಮೇಲಕ್ಕೆ ಕಳಸಾಪುರ, ಅಲ್ಲಂಪುರ, ಸಂತವೇರಿ, ಎಲ್ಲಕ್ಕೂ ಮೇಲೆ ಮುಳ್ಳಯ್ಯನಗಿರಿ. ಅಡಿಯಲ್ಲಿ ಯಾವುದೋ ಪುರಾತನ ಹೊಳೆ ಉರುಳಿಸಿ ನುಣುಪಾಗಿಸಿದ ಬೆಣಚುಗಲ್ಲು, ಅದರ ಮೇಲೆ ಲಾವಾ ಹರಿದು ಗಟ್ಟಿಯಾದ ಕಪ್ಪು ಶಿಲೆ, ತುದಿಯಲ್ಲಿ ಕಬ್ಬಿಣದ ಪಟ್ಟೆಕಲ್ಲು. ಗಾಡಿ ಏರುತ್ತ ಹೋದಂತೆ ಹಳೆಯ ಪದರದಿಂದ ಹೊಸ ಪದರಕ್ಕೆ ದಾಟುತ್ತಿರುತ್ತೇವೆ. ಮೇಲೆ ರಸ್ತೆಗಾಗಿ ಗುಡ್ಡ ಕಡಿದ ಕಡೆ ಒಮ್ಮೆ ಇಳಿದು ಗೋಡೆಯಂತೆ ನಿಂತ ಬಂಡೆಯನ್ನು ಹತ್ತಿರದಿಂದ ನೋಡಿ. ಬೆರಳಗಲದ ಕೆಂಪು ಗೆರೆ, ಅದರ ಪಕ್ಕ ಬೂದು ಬಿಳಿ ಗೆರೆ, ಮತ್ತೆ ಉಕ್ಕಿನ ಬಣ್ಣದ ಗೆರೆ. ಕೈಗೆತ್ತಿಕೊಂಡ ಚೂರು ಅದರ ಗಾತ್ರಕ್ಕೆ ಹೋಲಿಸಿದರೆ ತುಂಬಾ ಭಾರ. ಈ ಕಲ್ಲು ಮಳೆ ಗಾಳಿಗೆ ಸುಲಭವಾಗಿ ಸವೆಯುವುದಿಲ್ಲ. ಸುತ್ತಲಿನ ಮೆದು ಕಲ್ಲು ಕರಗಿ ಹೋದ ಮೇಲೂ ಗಿರಿಯ ನೆತ್ತಿ ಇಷ್ಟು ಎತ್ತರದಲ್ಲಿ ಉಳಿದದ್ದು ಅದರಿಂದಲೇ. ಇದೇ ಸಾಲಿನ ಕೆಮ್ಮಣ್ಣುಗುಂಡಿಯ ಅದಿರನ್ನು ನಂಬಿ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಯಿತು.

ಕೈಮರದಲ್ಲಿ ತಪಾಸಣಾ ಠಾಣೆ. 2025ರ ಸೆಪ್ಟೆಂಬರ್‌ನಿಂದ ಗಿರಿಗೆ ಬರುವ ಪ್ರವಾಸಿ ವಾಹನಗಳಿಗೆ ಆನ್‌ಲೈನ್ ನೋಂದಣಿ ಕಡ್ಡಾಯವಾಗಿದೆ. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ, ಪ್ರತಿ ಪಾಳಿಗೂ ಇಷ್ಟೇ ವಾಹನ ಎಂಬ ಮಿತಿ. ಹಲವರಿಗೆ ಇದು ಕಿರಿಕಿರಿ ಎನಿಸಿದೆ. ನಾನು ಇದನ್ನು ಮನಸಾರೆ ಒಪ್ಪುತ್ತೇನೆ. ವಾರಾಂತ್ಯದಲ್ಲಿ ಮೇಲಿನ ಒಂಟಿ ರಸ್ತೆಯಲ್ಲಿ ಗಾಡಿಗಳು ತಾಸುಗಟ್ಟಲೆ ನಿಂತು, ಹಿಂದೆ ಹೋಗಲು ದಾರಿಯಿಲ್ಲ, ಮುಂದೆ ಹೋಗಲು ಜಾಗವಿಲ್ಲ ಎಂಬ ಸ್ಥಿತಿಯನ್ನು ನೋಡಿದವರು ಯಾರೂ ಮಿತಿ ಬೇಡ ಎನ್ನಲಾರರು. ಬೆಟ್ಟಕ್ಕೂ ತಡೆದುಕೊಳ್ಳುವ ಶಕ್ತಿಗೆ ಒಂದು ಎಲ್ಲೆ ಇದೆ.

ಕೈಮರದಿಂದ ಏರು. ರಸ್ತೆ ಕಾಫಿ ತೋಟದೊಳಗೇ ಸುತ್ತುತ್ತ ಹೋಗುತ್ತದೆ. ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿದೆ, ಕೆಳಗೆ ಅರೇಬಿಕಾ ಗಿಡಗಳಲ್ಲಿ ಹಣ್ಣು ಕೆಂಪೇರಿದೆ. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕೊಯ್ಲು. ರೊಬಸ್ಟಾ ಅದರ ಹಿಂದೆ. ಹೀಗಾಗಿ ಚಳಿಗಾಲದ ಬೆಳಿಗ್ಗೆ ಈ ರಸ್ತೆಯಲ್ಲಿ ಪ್ರವಾಸಿಗರಿಗಿಂತ ಮೊದಲು ಸಿಗುವುದು ಆಳುಗಳನ್ನು ತುಂಬಿಕೊಂಡ ಪಿಕಪ್‌ಗಳು. ಹಿಂದೆ ಬಯಲುಸೀಮೆಯಿಂದ, ತಮಿಳುನಾಡಿನ ಕಡೆಯಿಂದ ಬರುತ್ತಿದ್ದರು. ಈಗ ಅಸ್ಸಾಮಿನಿಂದ ಬಂದು ಲೈನ್ ಮನೆಗಳಲ್ಲಿ ಸಂಸಾರ ಹೂಡಿದವರೂ ಇದ್ದಾರೆ.

ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿ ಕೊಯ್ಲು ನೋಡುತ್ತ ನಿಂತೆ. ಅರವತ್ತು ದಾಟಿದ ಹೆಂಗಸೊಬ್ಬರು ಸೊಂಟಕ್ಕೆ ಚೀಲ ಕಟ್ಟಿಕೊಂಡು, ಎಡಗೈಲಿ ಗಿಡದ ರೆಕ್ಕೆ, ಅಂದರೆ ಕೊಂಬೆ, ಬಗ್ಗಿಸಿ ಹಿಡಿದು, ಬಲಗೈ ಬೆರಳಲ್ಲಿ ಗಿಣ್ಣಿನಿಂದ ಗಿಣ್ಣಿಗೆ ಹಣ್ಣು ಬಿಡಿಸುತ್ತಿದ್ದರು. ಒಂದೇ ಗೊಂಚಲಿನಲ್ಲಿ ಕೆಂಪು, ಹಳದಿ, ಹಸಿರು ಮೂರೂ ಇದ್ದರೂ ಅವರ ಬೆರಳು ಕೆಂಪನ್ನು ಮಾತ್ರ ಹುಡುಕಿ ಮುಟ್ಟುತ್ತಿತ್ತು. ಕಣ್ಣು ಬೇರೆಲ್ಲೋ ಇತ್ತು.

“ಅಮ್ಮಾ, ನೋಡದೇನೆ ಹೆಂಗೆ ಗೊತ್ತಾಗುತ್ತೆ?” ಎಂದೆ.

“ಹಣ್ಣಾದದ್ದು ಕೈಗೆ ಮೆತ್ತಗೆ ಬರ್ತದೆ ಕಣಪ್ಪಾ. ಕಾಯಿ ಜಗ್ಗಬೇಕು. ಜಗ್ಗಿದ್ರೆ ರೆಕ್ಕೇನೇ ಮುರೀತದೆ, ಮುಂದಿನ ವರ್ಷ ಫಸಲೆಲ್ಲಿ ಬರ್ತದೆ?” ಎಂದು ಮುಂದಿನ ಗಿಡಕ್ಕೆ ಹೋದರು.

ಮಧ್ಯಾಹ್ನದ ಮೇಲೆ ತೋಟದ ರೈಟರ್ ತಕ್ಕಡಿ ಇಟ್ಟು ಚೀಲಗಳನ್ನು ತೂಗುತ್ತಾರೆ. ಅಲ್ಲಿಂದ ಹಣ್ಣು ಪಲ್ಪರ್‌ಗೆ, ಸಿಪ್ಪೆ ಕಳಚಿ ತೊಳೆದ ಬೀಜ ಕಣಕ್ಕೆ. ಕಣದಲ್ಲಿ ಹರವಿದ ಈ ಬೀಜ, ಅಂದರೆ ಪಾರ್ಚ್‌ಮೆಂಟ್, ಒಣಗುವ ಈ ದಿನಗಳಲ್ಲಿ ಬೆಳೆಗಾರರು ಆಕಾಶ ನೋಡಿಕೊಂಡೇ ಇರುತ್ತಾರೆ. ಎರಡು ದಿನ ಅಕಾಲ ಮಳೆ ಹಿಡಿದರೆ ಕಣದ ಬೀಜಕ್ಕೂ ಬೂಷ್ಟು, ಗಿಡದ ಹಣ್ಣೂ ನೆಲದ ಪಾಲು. ನಾವು ಚಂದ ಎಂದು ನೋಡುವ ಚಳಿಗಾಲದ ಬಿಸಿಲು ಇಲ್ಲಿನವರಿಗೆ ವರ್ಷದ ಅನ್ನ.

ತೋಟ ಮುಗಿದ ಕಡೆ ರಸ್ತೆ ಇನ್ನಷ್ಟು ಕಿರಿದಾಗುತ್ತದೆ, ಒಂದು ಬದಿ ಗುಡ್ಡ, ಇನ್ನೊಂದು ಬದಿ ಬರೀ ಗಾಳಿ. ಘಟ್ಟದಲ್ಲಿ ಗಾಡಿ ಓಡಿಸಿ ಅಭ್ಯಾಸವಿಲ್ಲದವರು ಎರಡು ಸಂಗತಿ ನೆನಪಿಡಬೇಕು. ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು. ಇದು ಬರೀ ಸೌಜನ್ಯವಲ್ಲ, ದೇಶದ ವಾಹನ ಚಾಲನಾ ನಿಯಮದಲ್ಲೇ ಇದೆ. ಎರಡನೆಯದು, ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಬೇಕು. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಬ್ರೇಕ್ ಕಾಯ್ದು ಹಿಡಿತ ತಪ್ಪುತ್ತದೆ. ಸಂಜೆ ಹೊತ್ತು ಕೈಮರದ ಮೇಲಿನ ತಿರುವುಗಳಲ್ಲಿ ಸುಟ್ಟ ರಬ್ಬರಿನಂಥ ವಾಸನೆ ಬರುತ್ತಿದ್ದರೆ ಅದು ಯಾರದೋ ಗಾಡಿಯ ಬ್ರೇಕಿನದು. ಬಾಡಿಗೆ ಜೀಪಿನ ಹುಡುಗರು ಅಂಥ ಗಾಡಿಗಳನ್ನು ತಡೆದು, ಬದಿಗೆ ಹಾಕಿಸಿ, ಕಾಲು ಗಂಟೆ ಆರಲು ಬಿಟ್ಟು ಹೋಗಿ ಎಂದು ಬುದ್ಧಿ ಹೇಳುವುದನ್ನು ನೋಡಿದ್ದೇನೆ. ನೆರಳಿನ ತಿರುವುಗಳಲ್ಲಿ ಇಬ್ಬನಿ ಹತ್ತು ಗಂಟೆಯಾದರೂ ಆರಿರುವುದಿಲ್ಲ. ಬೈಕಿನವರಿಗೆ ಅಲ್ಲಿ ಹೆಚ್ಚಿನ ಎಚ್ಚರ ಬೇಕು.

ಮುಳ್ಳಯ್ಯನಗಿರಿಯ ಕವಲು ಹಿಡಿದು ಸ್ವಲ್ಪ ದೂರ ಹೋದರೆ ಸರ್ಪದಾರಿಯ ಬುಡ. ರಸ್ತೆ ಬದಿಯಲ್ಲಿ ಒಂದು ಕಮಾನು, ಅದರಾಚೆ ಹುಲ್ಲಿನ ನಡುವೆ ಸುತ್ತಿ ಸುತ್ತಿ ಏರುವ ಕಾಲುದಾರಿ. ಶಿಖರಕ್ಕೆ ಸುಮಾರು ಮೂರು ಕಿಲೋಮೀಟರ್. ಗಾಡಿಯನ್ನು ಸೀತಾಳಯ್ಯನಗಿರಿಗೆ ಕಳಿಸಿ, ಇಲ್ಲಿಂದ ನಡೆದು ಹತ್ತಿ, ಆ ಕಡೆಯಿಂದ ಇಳಿದರೆ ಒಳ್ಳೆಯ ಏರ್ಪಾಡು. ಆರೋಗ್ಯವಂತರಿಗೆ ಒಂದೂವರೆ ಎರಡು ತಾಸು ಸಾಕು. ನೆರಳು ಎಲ್ಲೂ ಇಲ್ಲ. ಚಳಿಗಾಲದಲ್ಲಿ ಬಿಸಿಲಿನ ಕಾಟ ಗೊತ್ತಾಗುವುದಿಲ್ಲ, ಗಾಳಿಗೆ ಬೆವರೂ ಕಾಣುವುದಿಲ್ಲ, ಹಾಗಾಗಿ ನೀರು ಕುಡಿಯುವುದನ್ನು ಮರೆಯುವವರೇ ಹೆಚ್ಚು. ಒಂದು ಲೀಟರಾದರೂ ಹೊತ್ತೊಯ್ಯಬೇಕು.

ಈ ದಾರಿಯಲ್ಲಿ ಅವಸರ ಮಾಡಬೇಡಿ. ಬುಡದಿಂದ ನೋಡಿದರೆ ಇಡೀ ಗುಡ್ಡ ಬರೀ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಅಲ್ಲಲ್ಲಿ ಕಡುಹಸಿರು ಕಾಡಿನ ತುಂಡು. ಆ ತುಂಡುಗಳೇ ಶೋಲಾ. ನೀರು ಎಲ್ಲಿ ಇಳಿಯುತ್ತದೋ ಅಲ್ಲೇ ಮರ, ಉಳಿದ ಕಡೆ ಹುಲ್ಲು. ಗಾಳಿ ಮತ್ತು ಚಳಿ ಸೇರಿ ಗೆರೆ ಎಳೆದಿವೆ. ಮೇಲೆ ಗಾಳಿಯ ಹೊಡೆತಕ್ಕೆ ಶೋಲಾದ ಮರಗಳು ಎತ್ತರ ಬೆಳೆಯದೆ, ತಲೆ ಕತ್ತರಿಸಿದಂತೆ ಒಂದೇ ಸಮಕ್ಕೆ ನಿಂತಿವೆ. ಕೊಂಬೆಗಳಿಗೆಲ್ಲ ಪಾಚಿಯ ಹೊದಿಕೆ.

ಅರ್ಧ ದಾರಿಯಲ್ಲಿ ಒಂದು ಶೋಲಾದ ಅಂಚು ಕಾಲುದಾರಿಗೆ ತಾಗುವ ಕಡೆ ಮಂಡಿಯೂರಿ ಕೂತು ನೆಲ ನೋಡಿದೆ. ಮೇಲೆ ಒಣಹುಲ್ಲು, ಅದರಡಿ ಬೇರಿನ ದಟ್ಟ ಜಾಲ, ಅದರಡಿ ಕಪ್ಪು ಮಣ್ಣು. ಮಳೆ ನಿಂತು ಎರಡು ತಿಂಗಳು ಕಳೆದಿದ್ದರೂ ಮಣ್ಣು ಬೆರಳಿಗೆ ತಣ್ಣಗೆ ಹತ್ತಿತು. ಪಕ್ಕದ ಕಲ್ಲಿನ ಸಂದಿಯಿಂದ ಕಿರುಬೆರಳಿನಷ್ಟು ದಪ್ಪದ ನೀರು ಸದ್ದಿಲ್ಲದೆ ಹೊರಬಂದು ಜರಿಗಿಡಗಳ ಕೆಳಗೆ ಮರೆಯಾಗುತ್ತಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ಮಳೆಯನ್ನು ಈ ಹುಲ್ಲುಗಾವಲು ಸ್ಪಂಜಿನಂತೆ ಹೀರಿಟ್ಟುಕೊಂಡು, ಬಿಟ್ಟೂ ಬಿಡದಂತೆ ಬೇಸಿಗೆವರೆಗೆ ಬಿಡುತ್ತದೆ. ಬೋಳುಗುಡ್ಡ ಎಂದು ಯಾರು ಕರೆದರೂ ನನಗೆ ನೋವಾಗುತ್ತದೆ. ಈ ಜಿಲ್ಲೆಯ ಅತಿ ದೊಡ್ಡ ಕೆರೆ ಇರುವುದು ಇಲ್ಲೇ, ಮಣ್ಣಿನೊಳಗೆ.

ದಾರಿಯ ಎರಡೂ ಬದಿ ಮೊಣಕಾಲೆತ್ತರದ ಒರಟು ಎಲೆಯ ಗಿಡಗಳು ಒತ್ತಾಗಿ ಬೆಳೆದಿವೆ. ನೀಲಕುರಿಂಜಿ. ಹನ್ನೆರಡು ವರ್ಷ ಕಾದು, ಒಟ್ಟಿಗೇ ಹೂಬಿಟ್ಟು, ಬೀಜ ಉದುರಿಸಿ ಗಿಡವೇ ಸಾಯುವ ಜಾತಿ. 2022ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಈ ಇಳಿಜಾರುಗಳು ನೀಲಿಗಟ್ಟಿದ್ದವು, ರಾಜ್ಯದ ಮೂಲೆ ಮೂಲೆಯಿಂದ ಜನ ಬಂದಿದ್ದರು. ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳಲು ತುಳಿದ ಗಿಡಗಳಿಗೂ ಲೆಕ್ಕವಿಲ್ಲ, ಕಿತ್ತು ಕಟ್ಟಿಕೊಂಡು ಹೋದ ಹೂವಿಗೂ ಲೆಕ್ಕವಿಲ್ಲ. ಈಗ ಕಾಣುವುದು ಆಗ ಬಿದ್ದ ಬೀಜದಿಂದ ಎದ್ದ ಪೀಳಿಗೆ. ಇವು ಹೂಬಿಡುವುದು 2034ರ ಸುಮಾರಿಗೆ. ಅಲ್ಲಿವರೆಗೆ ಇವಕ್ಕೆ ಬೇಕಾದದ್ದು ಎರಡೇ: ಬೆಂಕಿ ಬೀಳಬಾರದು, ಕಾಲುದಾರಿ ಬಿಟ್ಟು ಯಾರೂ ಓಡಾಡಬಾರದು.

ಹುಲ್ಲಿನ ಮೇಲೆ ಒಂದು ಪುಟ್ಟ ಬೇಟೆಹಕ್ಕಿ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಂತಲ್ಲೇ ನಿಂತಿತ್ತು. ಕೆಸ್ಟ್ರೆಲ್. ಚಳಿಗಾಲಕ್ಕೆ ಉತ್ತರದಿಂದ ಬರುವ ಅತಿಥಿ. ತಲೆ ಅಲ್ಲಾಡದು, ಕಣ್ಣು ನೆಲದ ಮೇಲೆ. ಕೆಳಗಿನ ಝರಿಯ ಕಲ್ಲಿನ ಮೇಲೆ ಬಾಲ ಕುಣಿಸುತ್ತಿದ್ದ ಬೂದು ಸಿಪಿಲೆಯೂ ಹಿಮಾಲಯದ ಕಡೆಯಿಂದ ಬಂದದ್ದೇ.

ಶಿಖರದಲ್ಲಿ ಮುಳ್ಳಪ್ಪಸ್ವಾಮಿಯ ಗದ್ದುಗೆ ಇರುವ ಗುಡಿ, ಪಕ್ಕದಲ್ಲಿ ಪೊಲೀಸ್ ವೈರ್‌ಲೆಸ್ ಕೇಂದ್ರ. ಜನವೂ ಇದ್ದರು, ಗದ್ದಲವೂ ಇತ್ತು. ನಾನು ಪೂರ್ವದ ಕಟ್ಟೆಗೆ ಹೋಗಿ ಕೂತೆ. ತಿಳಿಯಾದ ದಿನ ಅಲ್ಲಿಂದ ಬಯಲುಸೀಮೆ ಕಡೂರಿನವರೆಗೂ ಹರಡಿಕೊಂಡದ್ದು ಕಾಣುತ್ತದೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ಬೆಳ್ಳಗೆ ಹೊಳೆಯುತ್ತದೆ. ನೋಡಬೇಕಾದದ್ದು ಆ ಕೆರೆಯನ್ನೇ. ಈ ಗಿರಿಯ ಪೂರ್ವದ ಇಳಿಜಾರಿನಲ್ಲಿ ವೇದಾ, ಅವತಿ ಎಂಬ ಎರಡು ಹಳ್ಳ ಹುಟ್ಟುತ್ತವೆ. ಒಂದು ಅಯ್ಯನಕೆರೆಯನ್ನು ತುಂಬಿಸುತ್ತದೆ, ಇನ್ನೊಂದು ಮದಗದಕೆರೆಯನ್ನು. ಕಡೂರಿನ ಬಳಿ ಎರಡೂ ಸೇರಿ ವೇದಾವತಿಯಾಗಿ ಚಿತ್ರದುರ್ಗದ ಒಣನಾಡಿಗೆ ಹರಿಯುತ್ತವೆ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಈ ನೀರಿನದೇ. ಆ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆ ದಿನ ಹಿರಿಯೂರಿನ ರೈತರು ಕೋಡಿ ನೀರಿಗೆ ಕೈಮುಗಿದರು. ಸರ್ಪದಾರಿಯ ಕಲ್ಲು ಸಂದಿಯಲ್ಲಿ ಕಂಡ ಕಿರುಬೆರಳಿನಷ್ಟು ನೀರಿಗೂ ಅದಕ್ಕೂ ನಂಟಿದೆ. ಶಿಖರದ ಕಟ್ಟೆಯ ಮೇಲೆ ಕೂತು ಬಾಟಲಿ ಬಿಸಾಡುವವರಿಗೆ ಯಾರಾದರೂ ಇದನ್ನು ತೋರಿಸಿ ಹೇಳಬೇಕು.

ಮೆಟ್ಟಿಲು ಇಳಿದು ಸೀತಾಳಯ್ಯನಗಿರಿಯ ಶಿವನ ಗುಡಿಗೆ ಕೈಮುಗಿದು, ಗಾಡಿ ಹತ್ತಿ ಮತ್ತೆ ಕವಲಿಗೆ ಬಂದು ಬಾಬಾಬುಡನ್‌ಗಿರಿಯ ರಸ್ತೆ ಹಿಡಿದರೆ ಕವಿಕಲ್ ಗಂಡಿ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿ ಅದು, ಗಾಳಿ ಅಲ್ಲಿ ನಿಲ್ಲಗೊಡುವುದಿಲ್ಲ. ಇಲ್ಲಿ ನಿಂತರೆ ಲಾಳದ ಒಳಮೈ ಕಾಣುತ್ತದೆ. ಕೆಳಗೆ ಜಾಗರ ಕಣಿವೆ, ಆಚೆಗೆ ಮುತ್ತೋಡಿಯ ಕಾಡು. 1951ರಲ್ಲೇ ಜಾಗರ ಕಣಿವೆ ವನ್ಯಧಾಮ ಎಂದು ಘೋಷಣೆಯಾಗಿದ್ದ ಈ ಕಾಡು ಮುಂದೆ ಭದ್ರಾ ಅಭಯಾರಣ್ಯವಾಯಿತು, 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಪೂರ್ವದ ಹೊರಮೈಯ ನೀರು ವೇದಾವತಿಗೆ, ಒಳಮೈಯ ನೀರು ಭದ್ರೆಗೆ. ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತದೆ, ವೇದಾವತಿ ಬಳ್ಳಾರಿ ಸೀಮೆಯಲ್ಲಿ ಹಗರಿ ಎನಿಸಿಕೊಂಡು ಅದೇ ತುಂಗಭದ್ರೆಗೆ ಸೇರುತ್ತದೆ. ಒಂದು ಗುಡ್ಡದ ಎರಡು ಮಗ್ಗುಲಲ್ಲಿ ಬಿದ್ದ ಮಳೆ ನೂರಾರು ಕಿಲೋಮೀಟರ್ ಬೇರೆ ಬೇರೆ ಹರಿದು ಕೊನೆಗೆ ಒಂದಾಗುತ್ತದೆ. ಈಗ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಎತ್ತಿ ವಾಣಿವಿಲಾಸಕ್ಕೆ ಹರಿಸುತ್ತಿದ್ದಾರೆ. ಎರಡೂ ನೀರು ಒಂದಾಗಲು ಅಷ್ಟು ದೂರ ಹರಿಯುವ ಕೆಲಸವೂ ಇಲ್ಲ.

ಅತ್ತಿಗುಂಡಿಯ ಹತ್ತಿರ ಹೊನ್ನಮ್ಮನ ಹಳ್ಳ ರಸ್ತೆಯ ಪಕ್ಕದಲ್ಲೇ ಧುಮುಕುತ್ತದೆ. ಚಳಿಗಾಲಕ್ಕೆ ನೀರು ಕಡಿಮೆ, ಜನ ಜಾಸ್ತಿ. ಹತ್ತು ನಿಮಿಷ ಸಾಕು. ಊರಿನ ಚಿಕ್ಕ ಹೋಟೆಲಿನಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ ತಿಂದು ಕಾಫಿ ಕುಡಿದು ಮುಂದೆ ಹೊರಟೆ.

ಬಾಬಾಬುಡನ್‌ಗಿರಿಯಲ್ಲಿ ಗುಹೆಯೊಳಗೆ ದತ್ತಾತ್ರೇಯರ ಪೀಠ ಎಂದು ಹಿಂದೂಗಳು, ಬಾಬಾಬುಡನ್ ದರ್ಗಾ ಎಂದು ಮುಸ್ಲಿಮರು ನಡೆದುಕೊಳ್ಳುವ ಸ್ಥಳವಿದೆ. ಇಬ್ಬರೂ ಶತಮಾನಗಳಿಂದ ಬರುತ್ತಿದ್ದಾರೆ. ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ಹೊತ್ತಿಗೆ ಕೆಲವು ದಿನ ಪ್ರವಾಸಿಗರಿಗೆ ಗಿರಿ ಮುಚ್ಚಿರುತ್ತದೆ. ಹೊರಡುವ ಮೊದಲು ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಳ್ಳುವುದು ಒಳ್ಳೆಯದು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಹಜ್ ಯಾತ್ರೆ ಮುಗಿಸಿ ಬರುವಾಗ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರು ಎಂಬ ಪ್ರತೀತಿ ಎಲ್ಲರಿಗೂ ಗೊತ್ತಿದೆ. ಮೊಳೆಯುವ ಬೀಜ ಹೊರಗೆ ಹೋಗದಂತೆ ಅರಬ್ಬರು ಕಾವಲು ಕಾಯುತ್ತಿದ್ದ ಕಾಲ ಅದು. ಇವತ್ತು ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಕರ್ನಾಟಕದ್ದು. ಬೆಳಿಗ್ಗೆ ರೆಕ್ಕೆ ಮುರಿಯದಂತೆ ಹಣ್ಣು ಬಿಡಿಸುತ್ತಿದ್ದ ಆ ಅಮ್ಮನ ಕೂಲಿಯ ಮೂಲವೂ ಈ ಗುಡ್ಡವೇ.

ಇಲ್ಲಿಂದ ಮುಂದೆ ಮಾಣಿಕ್ಯಧಾರಾ. ಬಂಡೆಯ ಮೇಲಿನಿಂದ ನೀರು ಹನಿಹನಿಯಾಗಿ ಚದುರಿ ಬೀಳುತ್ತದೆ, ಬಿಸಿಲು ಬಿದ್ದಾಗ ಹೆಸರಿಗೆ ತಕ್ಕಂತೆ ಹೊಳೆಯುತ್ತದೆ. ಇಲ್ಲಿ ಮಿಂದವರು ಉಟ್ಟ ಬಟ್ಟೆಯಲ್ಲಿ ಒಂದನ್ನು ಬಿಟ್ಟು ಹೋಗುವ ರೂಢಿ ಬೆಳೆದಿದೆ. ಧಾರೆಯ ಕೆಳಗಿನ ಕಲ್ಲುಗಳಿಗೆ, ಗಿಡದ ಬುಡಗಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಈ ಬಟ್ಟೆಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ವರ್ಷಗಟ್ಟಲೆ ಕೊಳೆಯದೆ ಹಳ್ಳದ ಜೊತೆ ಕೆಳಗಿನ ಶೋಲಾಕ್ಕೆ ಇಳಿಯುತ್ತವೆ. ಭಕ್ತಿಯಿಂದ ಮೀಯಿರಿ, ಬಟ್ಟೆಯನ್ನು ಚೀಲದಲ್ಲಿ ವಾಪಸ್ ತನ್ನಿ.

ಗಾಳಿಕೆರೆಯ ದಾರಿ ಶುರುವಾಗುವುದೂ ಇದರ ಹತ್ತಿರದಲ್ಲೇ. ಬೆಟ್ಟದ ಏಣಿನ ಮೇಲೆ, ಸುತ್ತ ಹುಲ್ಲು ತುಂಬಿದ ಬಟ್ಟಲಿನಲ್ಲಿ ಇರುವ ಕೆರೆ ಅದು. ನಡೆದು ಹೋಗುವಷ್ಟೇ ದೂರ. ಆದರೂ ಬಹಳ ಜನ ಬಾಡಿಗೆ ಜೀಪು ಹತ್ತುತ್ತಾರೆ. ಜೀಪಿನವರನ್ನು ದೂರುವುದು ಸುಲಭ. ಅದು ಅವರ ಹೊಟ್ಟೆಪಾಡು, ಬಂದವರು ಕೇಳಿದ್ದಕ್ಕೇ ಅವರು ಓಡಿಸುತ್ತಾರೆ. ಆದರೆ ನೆಲ ಹೇಳುವುದನ್ನು ಮುಚ್ಚಿಡಲಾಗದು. ಚಕ್ರ ಉರುಳಿದ ಕಡೆ ಹುಲ್ಲು ಬೇರು ಸಮೇತ ಕಿತ್ತು ಎರಡು ಸಾಲು ಕೆಂಪು ಗಾಯ. ಒಂದು ಸಾಲು ಹೊಂಡವಾದರೆ ಜೀಪು ಪಕ್ಕಕ್ಕೆ ಸರಿದು ಹೊಸ ಸಾಲು ಮಾಡುತ್ತದೆ. ಹೀಗೆ ಒಂದು ಕಾಲುದಾರಿ ಇದ್ದಲ್ಲಿ ಐದಾರು ಜಾಡು ಅಕ್ಕಪಕ್ಕ ಬಿದ್ದಿವೆ. ಮಳೆಗಾಲ ಬಂದಾಗ ಪ್ರತಿಯೊಂದು ಜಾಡೂ ಒಂದು ಕಾಲುವೆ. ಒಂದು ಕಡೆ ಇಳಿದು ನಿಂತು ನೋಡಿದೆ, ಜಾಡು ನನ್ನ ತೊಡೆಯಷ್ಟು ಆಳಕ್ಕೆ ಕೊರೆದಿತ್ತು, ಗೋಡೆಯಲ್ಲಿ ಹುಲ್ಲಿನ ಬೇರುಗಳು ನೇತಾಡುತ್ತಿದ್ದವು. ನೂರಾರು ವರ್ಷಗಳಲ್ಲಿ ಕೂಡಿದ ಕಪ್ಪು ಮಣ್ಣು ನಾಲ್ಕು ಮಳೆಗಾಲದಲ್ಲಿ ಕೊಚ್ಚಿಹೋಗುತ್ತದೆ. ಇದರ ಮೇಲೆ ರಸ್ತೆ ಅಗಲಿಸಲು ಗುಡ್ಡದ ಬುಡ ಕಡಿದರೆ ಮೇಲಿನ ನೆನೆದ ಮಣ್ಣಿಗೆ ಆಸರೆ ತಪ್ಪಿ ಕುಸಿಯುತ್ತದೆ. ಮಲೆನಾಡಿನ ಘಟ್ಟಗಳಲ್ಲಿ ಆಗುತ್ತಿರುವ ಕುಸಿತಗಳಿಗೆ ಇದೂ ಒಂದು ಮುಖ್ಯ ಕಾರಣ. ನನ್ನನ್ನು ಕೇಳಿದರೆ ಮಾಣಿಕ್ಯಧಾರಾದಿಂದ ಆಚೆಗೆ ಚಕ್ರವೇ ಹೋಗಬಾರದು. ಜೀಪಿನ ಹುಡುಗರಿಗೆ ಮಾರ್ಗದರ್ಶಿ ತರಬೇತಿ ಕೊಟ್ಟು, ಪ್ರವಾಸಿಗರನ್ನು ನಡೆಸಿಕೊಂಡು ಹೋಗುವ ಕೆಲಸ ಕೊಟ್ಟರೆ ಅವರ ದುಡಿಮೆಯೂ ಉಳಿಯುತ್ತದೆ, ಕೆರೆಯೂ ಉಳಿಯುತ್ತದೆ.

ಗಾಳಿಕೆರೆಯಿಂದ ಏಣಿನ ಗುಂಟ ಕೆಮ್ಮಣ್ಣುಗುಂಡಿಗೆ ಚಾರಣದ ದಾರಿ ಇದೆ. ಇಡೀ ಹಗಲು ಬೇಕು, ಅರಣ್ಯ ಇಲಾಖೆಯ ಅನುಮತಿ ಬೇಕು, ದಾರಿ ಬಲ್ಲವರು ಜೊತೆಗಿರಬೇಕು. ಒಂದು ದಿನದ ತಿರುಗಾಟಕ್ಕೆ ಅದು ಹೊಂದುವುದಿಲ್ಲ. ಜನವರಿಯಲ್ಲಿ ಆರೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಕಣಿವೆಯ ಕಡೆ ಕತ್ತಲು ಅದಕ್ಕೂ ಮೊದಲೇ ಬರುತ್ತದೆ. ನಾಲ್ಕು ಗಂಟೆಗೆ ಕೆರೆಯ ದಂಡೆ ಬಿಟ್ಟರೆ ಬೆಳಕಿರುವಾಗಲೇ ಘಟ್ಟ ಇಳಿಯಬಹುದು.

ಇಳಿಯುವಾಗ ಒಂದು ಕಡೆ ಅರಣ್ಯ ಇಲಾಖೆಯ ಕೆಲಸಗಾರರು ಕತ್ತಿ ಹಿಡಿದು ಗುಡ್ಡದ ಅಡ್ಡಕ್ಕೆ ಹುಲ್ಲು ಸವರುತ್ತಿದ್ದರು. ಬೆಂಕಿ ರೇಖೆ. ಒಂದು ಪಟ್ಟಿಯಷ್ಟು ಅಗಲಕ್ಕೆ ಹುಲ್ಲು ತೆಗೆದರೆ, ಒಂದು ಕಡೆ ಹತ್ತಿದ ಬೆಂಕಿ ಇನ್ನೊಂದು ಕಡೆಗೆ ದಾಟದು. ಫೆಬ್ರುವರಿಯ ಮೊದಲು ಇದು ಮುಗಿಯಬೇಕು. ಅವರಲ್ಲಿ ಹಿರಿಯರೊಬ್ಬರನ್ನು ಮಾತಾಡಿಸಿದೆ. “ಗಾಳಿ ಜೋರಿದ್ರೆ ರೇಖೆನೂ ದಾಟ್ತದೆ ಸಾರ್. ಸೊಪ್ಪಿನ ಕೊಂಬೆ ಹಿಡ್ಕೊಂಡು ಬಡಿಯೋದೇ ನಮ್ ಪಾಡು. ಇಲ್ಲಿ ಫೈರ್ ಎಂಜಿನ್ ಹತ್ತಲ್ಲ. ಬೀಡಿ ಸಿಗರೇಟು ಎಸೀಬೇಡಿ ಅಂತ ನಿಮ್ ಕಡೆ ಜನಕ್ಕೆ ಸ್ವಲ್ಪ ಹೇಳಿ” ಎಂದರು. ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ.

ಹಾಗಾಗಿ, ಈ ಚಳಿಗಾಲದಲ್ಲಿ ಗಿರಿಗೆ ಹೊರಡುವವರು ವಾರದ ನಡುವಿನ ದಿನ ಆರಿಸಿಕೊಳ್ಳಿ, ಮೊದಲೇ ನೋಂದಣಿ ಮಾಡಿಸಿ, ಬೆಳಗಿನ ಪಾಳಿಗೆ ಬನ್ನಿ. ಕಾಲಲ್ಲಿ ಶಕ್ತಿ ಇದ್ದವರು ಸರ್ಪದಾರಿಯ ಬುಡದಲ್ಲೇ ಇಳಿದು ನಡೆಯಿರಿ. ಗಾಳಿಕೆರೆಗೆ ಜೀಪು ಬೇಡ. ಕುರಿಂಜಿ ಗಿಡಗಳ ನಡುವೆ ಕಾಲುದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬೇಡಿ. ಮತ್ತು ಸಿಗರೇಟು, ಬೆಂಕಿಪೊಟ್ಟಣಗಳನ್ನು ಕೈಮರದ ಕೆಳಗೇ ಬಿಟ್ಟು ಬನ್ನಿ.